ಕತ್ತಲೆ ಮನೆಯ ಯಜಮಾನ್ತಿಯರು

ನಿಮ್ಮ ಆದರ್ಶ ಯಾರು ಎಂದು ಕೇಳಿದರೆ ನಮ್ಮ ಕಡೆ ಉತ್ತರ ಮೊದಲೇ ಸಿದ್ಧ ಇರುತ್ತದೆ. ಹೈಸ್ಕೂಲಿನ ಭಾಷಣ ಸ್ಪರ್ಧೆಗೆ ಗಾಂಧೀಜಿ, ಹಾಸ್ಟೆಲ್ ಸೀಟಿನ ಸಂದರ್ಶನಕ್ಕೆ ಅಂಬೇಡ್ಕರ್, ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಸೇರುವಾಗ ಯಾರಾದರೊಬ್ಬ ಹಿರಿಯ ಸಂಪಾದಕರು. ನಾವೂ ಹಾಗೆ ಹೇಳಿಯೇ ದಾಟಿ ಬಂದವರು. ಅವರ ಮೇಲೆ ಗೌರವ ಇಲ್ಲವೆಂದಲ್ಲ. ಆದರೆ ರಾತ್ರಿ ಹತ್ತೂವರೆಗೆ ಶವಾಗಾರದ ಮುಂದೆ ಸ್ಕೂಟಿ ನಿಲ್ಲಿಸಿಕೊಂಡು ಹೆಸರು, ವಯಸ್ಸು, ಊರು ಬರೆದುಕೊಳ್ಳುವಾಗ ನಮಗೆ ನೆನಪಾಗುವುದು ಆ ಮೂವರಲ್ಲಿ ಯಾರೂ ಅಲ್ಲ. ಒಬ್ಬಳು ಮುದುಕಿ. ಅವಳು ಯಾವ ಊರಿನಲ್ಲೂ ಹುಟ್ಟಿದವಳಲ್ಲ, ಆದ್ದರಿಂದ ಸತ್ತವಳೂ ಅಲ್ಲ. 1968ರಲ್ಲಿ ಶಿವರಾಮ ಕಾರಂತರು ಬರೆದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಮಾತ್ರ ಇರುವವಳು.

‘ನಾವು’ ಎಂದು ಬರೆಯುತ್ತಿರುವುದಕ್ಕೆ ಒಂದು ಮಾತು. ವರದಿಯಲ್ಲಿ ‘ನಾನು’ ಬಂದರೆ ಡೆಸ್ಕಿನವರು ಮೊದಲು ಅದನ್ನೇ ಹೊಡೆದು ಹಾಕುತ್ತಾರೆ. ಹತ್ತು ವರ್ಷದ ಅಭ್ಯಾಸ ಇಲ್ಲಿಗೂ ಬಂದಿದೆ. ಜೊತೆಗೆ ಈ ಕೆಲಸ ಮಾಡುವ ಹೆಣ್ಣುಮಕ್ಕಳು ನಮ್ಮ ಜಿಲ್ಲೆಯಲ್ಲಿ ಬೆರಳೆಣಿಕೆ. ಒಬ್ಬರ ಬಗ್ಗೆ ಹೇಳಿದರೆ ಉಳಿದವರ ಬಗ್ಗೆಯೂ ಅರ್ಧ ಹೇಳಿದಂತೆ. ಹಾಗಾಗಿ ನಾವು ಅಂದರೆ ನಾವೇ.

ಇಂಗ್ಲಿಷಿನವರು ಗಾಥಿಕ್ ಎಂದು ಕರೆಯುವ ಕಥೆಗಳಿವೆ. ಹೊರೇಸ್ ವಾಲ್‌ಪೋಲ್ ಎಂಬಾತ 1764ರಲ್ಲಿ ಬರೆದ ಒಂದು ಕೋಟೆಯ ಕಥೆಯಿಂದ ಅವು ಶುರುವಾದವು ಎನ್ನುತ್ತಾರೆ. ಅಂಥ ಕಥೆಗೆ ಬೇಕಾದ ಸಾಮಾನು ಇಷ್ಟೇ: ಹಳೇ ದೊಡ್ಡ ಮನೆ, ಬೀಗ ಹಾಕಿದ ಕೋಣೆ, ಹೊರಗೆ ಹೇಳದ ಗುಟ್ಟು, ಆ ಗುಟ್ಟಿಗೆ ಕಾವಲಾಗಿಯೋ ಬಲಿಯಾಗಿಯೋ ಒಬ್ಬ ಹೆಂಗಸು. ಷಾರ್ಲೆಟ್ ಬ್ರಾಂಟಿಯ ‘ಜೇನ್ ಐರ್’ನಲ್ಲಿ (1847) ಆ ಹೆಂಗಸು ಅಟ್ಟದ ಮೇಲೆ ಕೂಡಿಹಾಕಲ್ಪಟ್ಟ ಹೆಂಡತಿ, ಕೊನೆಗೆ ಮನೆಗೇ ಬೆಂಕಿ ಹಚ್ಚಿ ತಾನೂ ಸಾಯುತ್ತಾಳೆ. ನಮಗೆ ಗೊತ್ತಿರುವುದು ನಾಗವಲ್ಲಿ. 2004ರ ‘ಆಪ್ತಮಿತ್ರ’ವನ್ನು ನಮ್ಮ ವಯಸ್ಸಿನವರು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ತೆರೆಯಬಾರದ ಕೋಣೆ ತೆರೆದ ಗಂಗಾ ರಾತ್ರಿಯಾದರೆ ನಾಗವಲ್ಲಿಯಾಗಿ ತೆಲುಗಿನಲ್ಲಿ ಮಾತಾಡುತ್ತಾಳೆ. ಆ ಪಾತ್ರ ಮಾಡಿದ ಸೌಂದರ್ಯ ಚಿತ್ರ ತೆರೆಗೆ ಬರುವಷ್ಟರಲ್ಲಿ ಬದುಕಿರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ಸಂಗತಿಯೂ ಸೇರಿ ನಾಗವಲ್ಲಿ ನಮ್ಮ ತಲೆಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತಳು.

ಆದರೆ ನೋಡಿ, ನಾಗವಲ್ಲಿಗೆ ಕೊನೆಯಲ್ಲಿ ಚಿಕಿತ್ಸೆ ಆಗುತ್ತದೆ. ವಿಷ್ಣುವರ್ಧನ್ ಡಾಕ್ಟರಾಗಿ ಬಂದು ಅವಳನ್ನು ಬಿಡಿಸಿ ಗಂಗಾಳನ್ನು ಗಂಡನಿಗೆ ಒಪ್ಪಿಸಿ ಹೋಗುತ್ತಾರೆ. ನಮಗೂ ಸಮಾಧಾನ, ಎದ್ದು ಮನೆಗೆ ಬರುತ್ತೇವೆ. ಬೇರೆ ದನಿಯಲ್ಲಿ ಮಾತಾಡುವ ಹೆಂಗಸನ್ನು ಒಂದೋ ಗುಣಪಡಿಸಬೇಕು, ಇಲ್ಲವೇ ಸುಡಬೇಕು. ಹಾಗೇ ಬಿಟ್ಟರೆ ಕಥೆ ಮುಗಿಯುವುದಿಲ್ಲ. ಈ ಲೆಕ್ಕ ಕಥೆಯಲ್ಲಿ ಮಾತ್ರ ಇದೆ ಎಂದು ಕಾಲೇಜಿನಲ್ಲಿದ್ದಾಗ ಅಂದುಕೊಂಡಿದ್ದೆವು.

ಈ ಲೆಕ್ಕಕ್ಕೆ ಸಿಗದ ಒಬ್ಬಳನ್ನು ನಮಗೆ ತೋರಿಸಿದ್ದು ಅಕ್ಕನ ಮಗಳು. 2022ರಲ್ಲಿ ‘ವೆನ್ಸ್‌ಡೇ’ ಎಂಬ ಸರಣಿ ಬಂತಲ್ಲ, ಅದನ್ನು ಮೊಬೈಲಿನಲ್ಲಿ ನೋಡುತ್ತಾ, ‘ಚಿಕ್ಕಿ, ಇವಳು ಅವರವ್ವ’ ಎಂದು ತೋರಿಸಿದಳು. ಕಪ್ಪು ಉದ್ದನೆ ಉಡುಪು, ಸುಣ್ಣ ಬಳಿದಂಥ ಮುಖ: ಮೋರ್ಟಿಶಿಯಾ ಆ್ಯಡಮ್ಸ್. ಆಮೇಲೆ ಹುಡುಕಿ ಓದಿದೆವು. ಚಾರ್ಲ್ಸ್ ಆ್ಯಡಮ್ಸ್ ಎಂಬ ವ್ಯಂಗ್ಯಚಿತ್ರಕಾರ 1938ರಿಂದ ‘ದಿ ನ್ಯೂಯಾರ್ಕರ್’ ಪತ್ರಿಕೆಗೆ ಬರೆದ ಚಿತ್ರಗಳಲ್ಲಿ ಅವಳು ಹುಟ್ಟಿದ್ದು. ಆಗ ಅವಳಿಗೆ ಹೆಸರೂ ಇರಲಿಲ್ಲ. ಹೆಸರು ಬಂದದ್ದು 1964ರಲ್ಲಿ ಟಿ.ವಿ. ಧಾರಾವಾಹಿಯಾದಾಗ. ಅದರಲ್ಲಿ ಕ್ಯಾರೊಲಿನ್ ಜೋನ್ಸ್, 1991ರ ಸಿನಿಮಾದಲ್ಲಿ ಆಂಜೆಲಿಕಾ ಹ್ಯೂಸ್ಟನ್ ಆ ಪಾತ್ರ ಮಾಡಿದರು. ಈ ಮೋರ್ಟಿಶಿಯಾ ಗುಲಾಬಿ ಗಿಡದ ಹೂವನ್ನು ಕತ್ತರಿಸಿ ಎಸೆದು ಮುಳ್ಳಿನ ಕಡ್ಡಿಯನ್ನು ಹೂದಾನಿಗೆ ಇಡುತ್ತಾಳೆ. ಮನೆಯಲ್ಲಿ ಜೇಡರ ಬಲೆ, ಪಕ್ಕದಲ್ಲೇ ಸ್ಮಶಾನ. ನೆರೆಯವರು ಹೆದರಿ ಓಡುತ್ತಾರೆ. ಆದರೆ ಒಳಗೆ ನೋಡಿದರೆ ಆ ಮನೆಯಷ್ಟು ನೆಮ್ಮದಿಯ ಮನೆ ಇನ್ನೊಂದಿಲ್ಲ. ಗಂಡನಿಗೆ ಅವಳೆಂದರೆ ಪ್ರಾಣ. ಮಕ್ಕಳನ್ನು ಅವಳು ಹೊಡೆಯುವುದಿಲ್ಲ, ಬೈಯುವುದಿಲ್ಲ. ಬಂದವರಿಗೆ ಮರ್ಯಾದೆ ಮಾಡುತ್ತಾಳೆ. ತನ್ನ ಮನೆ ಕತ್ತಲೆಯ ಮನೆ ಎಂದು ನಾಚಿಕೊಳ್ಳುವುದಿಲ್ಲ, ಬೆಳಕಿನ ಮನೆಯವರನ್ನು ಕೀಳಾಗಿ ಕಾಣುವುದೂ ಇಲ್ಲ.

ನಮಗೆ ಅವಳು ಕೂಡಲೇ ಹಿಡಿಸಿದ್ದಕ್ಕೆ ಕಾರಣ ನಾವು ಹುಟ್ಟಿದ ಜಿಲ್ಲೆ. ಬೆಂಗಳೂರಿನಲ್ಲಿ ಯಾವುದೋ ಕಾರ್ಯಾಗಾರಕ್ಕೆ ಹೋಗಿ ‘ಚಾಮರಾಜನಗರ’ ಎಂದರೆ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು, ಮುಖ್ಯಮಂತ್ರಿಗಳು ಅಲ್ಲಿಗೆ ಬಂದರೆ ಕುರ್ಚಿ ಹೋಗುತ್ತದಂತಲ್ಲ? ಎರಡನೆಯದು, ಕೊಳ್ಳೇಗಾಲ ಹತ್ತಿರವಾ, ಮಾಟ ಮಾಡೋರು ಗೊತ್ತಾ? ನಗುತ್ತಲೇ ಕೇಳುತ್ತಾರೆ, ಆದರೆ ನಮ್ಮ ಬ್ಯಾಗಿನ ಕಡೆ ಒಮ್ಮೆ ನೋಡಿಯೂ ನೋಡುತ್ತಾರೆ.

ಕುರ್ಚಿಯ ಕಥೆ ಬರೀ ತಮಾಷೆಯಲ್ಲ. 1997ರಲ್ಲಿ ನಮ್ಮದು ಜಿಲ್ಲೆಯಾದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ಜಿಲ್ಲಾ ಕೇಂದ್ರದಲ್ಲಿ ಅಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಪಟ್ಟಣಕ್ಕೆ ಕಾಲಿಡದೆ ವರ್ಷಗಟ್ಟಲೆ ಕಳೆದ ಮುಖ್ಯಮಂತ್ರಿಗಳಿದ್ದಾರೆ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಬಂದುಹೋದರು, ಆ ವರ್ಷವೇ ಅವರ ಅಧಿಕಾರ ಮುಗಿದದ್ದರಿಂದ ಕಥೆಗೆ ಇನ್ನೊಂದು ಸಾಕ್ಷಿ ಸಿಕ್ಕಿತು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಮುಗಿಸಿದರು. ಆದರೂ ಆ ಮಾತು ಹೋಗಿಲ್ಲ. ದೊಡ್ಡವರು ಹೆದರಿ ದೂರ ಇಟ್ಟ ಊರಿಗೆ ಬಸ್ಸು, ಆಸ್ಪತ್ರೆ, ಕಾಲೇಜು ಎಲ್ಲವೂ ತಡವಾಗಿ ಬರುತ್ತವೆ. ನೆರೆಯವರೆಲ್ಲ ಬೇಲಿಯಾಚೆ ನಿಂತು ಬೆರಳು ತೋರಿಸುವ ಆ್ಯಡಮ್ಸ್ ಮನೆ ಇದ್ದ ಹಾಗೆ ನಮ್ಮ ಇಡೀ ಜಿಲ್ಲೆ. ಒಳಗಿನವರಿಗೆ ಮಾತ್ರ ಗೊತ್ತು, ಇಲ್ಲಿ ನಾವು ಅರಿಶಿನ ಬೆಳೆಯುತ್ತೇವೆ, ಬೆಳಗಿನ ಜಾವ ಎದ್ದು ಹಾಲು ಕರೆಯುತ್ತೇವೆ, ನಮ್ಮ ಕುದೇರಿನ ಡೇರಿಯಿಂದ ಹಾಲಿನ ಟ್ಯಾಂಕರುಗಳು ಹಗಲು ರಾತ್ರಿ ಓಡಾಡುತ್ತವೆ ಎಂದು.

ಆದರೂ ಮೋರ್ಟಿಶಿಯಾ ಪರದೇಶದವಳು, ಸಾಹುಕಾರ್ತಿ. ಅವಳಿಗೆ ತಿಂಗಳ ಕೊನೆಗೆ ಪೆಟ್ರೋಲಿನ ಚಿಂತೆ ಇಲ್ಲ. ಅವಳನ್ನು ಮೆಚ್ಚಬಹುದು, ಅವಳ ಹಾಗೆ ಬದುಕಲಾಗದು. ಅವಳನ್ನು ನೋಡಿದ ಮೇಲೆ ನಮಗೆ ಯಾವಾಗಲೋ ಓದಿ ಮರೆತಿದ್ದ ಮೂಕಜ್ಜಿ ನೆನಪಾದಳು. ಪಂಚಾಯಿತಿ ಗ್ರಂಥಾಲಯದ ಹಳೇ ಪ್ರತಿ ತಂದು ಎರಡನೇ ಸಲ ಓದಿದ್ದು ಹಾಗೆ.

ಓದದವರಿಗೆ ಒಂದೆರಡು ಮಾತಿನಲ್ಲಿ ಹೇಳುತ್ತೇವೆ. ಮೂಡೂರು ಎಂಬ ಊರು. ಹೆಸರು ಮೂಕಾಂಬಿಕೆ, ಕೊಲ್ಲೂರಿನ ದೇವಿಯ ಹೆಸರು. ಮಾತು ಕಡಿಮೆಯಾದ್ದರಿಂದ ಊರವರ ಬಾಯಲ್ಲಿ ಮೂಕಿಯೂ ಹೌದು. ಎಳವೆಯಲ್ಲೇ ಮದುವೆ, ಎಳವೆಯಲ್ಲೇ ವಿಧವೆ. ಎಂಬತ್ತರ ಆಚೀಚೆ ವಯಸ್ಸು. ಅವಳಿಗೊಂದು ಶಕ್ತಿ: ಯಾವುದಾದರೂ ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನದ್ದು ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ಬರಾಯ ಏನೇನೋ ತಂದು ಅವಳ ಕೈಗಿಡುತ್ತಾನೆ, ಅಜ್ಜಿ ಕಂಡದ್ದನ್ನು ಹೇಳುತ್ತಾಳೆ. ದೇವರು ಹೇಗೆ ಹುಟ್ಟಿದರು, ಹೇಗೆ ಬದಲಾದರು, ಗಂಡು ಹೆಣ್ಣಿನ ಆಸೆಯನ್ನು ಪಾಪ ಎಂದವರು ಯಾರು ಎಂದೆಲ್ಲ ಮಾತು ಹೋಗುತ್ತದೆ. 1977ರ ಜ್ಞಾನಪೀಠ ಪ್ರಶಸ್ತಿ ಈ ಕಾದಂಬರಿಗೇ ಬಂತು. 2019ರಲ್ಲಿ ಪಿ. ಶೇಷಾದ್ರಿ ಸಿನಿಮಾ ಮಾಡಿದರು, ಅಜ್ಜಿಯಾಗಿ ಬಿ. ಜಯಶ್ರೀ.

ವಿಮರ್ಶಕರು ಇದನ್ನು ಧರ್ಮದ ಚರಿತ್ರೆ, ವೈಚಾರಿಕ ಕಾದಂಬರಿ ಎಂದೆಲ್ಲ ಓದುತ್ತಾರೆ. ಇರಲಿ. ನಮ್ಮ ಓದು ಸಣ್ಣದು. ಹಳೇ ಮನೆ, ವಿಧವೆ ಮುದುಕಿ, ಸತ್ತವರ ವಸ್ತು ಮುಟ್ಟಿ ಮಾತಾಡುವ ಶಕ್ತಿ: ಇದಿಷ್ಟನ್ನು ಬೇರೆ ಯಾರಿಗಾದರೂ ಕೊಟ್ಟಿದ್ದರೆ ದೆವ್ವದ ಕಥೆ ಬರೆಯುತ್ತಿದ್ದರು. ನಮ್ಮ ಕಡೆಯ ನಿಜ ಬದುಕಿನಲ್ಲಾದರೆ ಅವಳ ಪಾಡು ಎರಡೇ. ಮೈಮೇಲೆ ದೇವರು ಬರುತ್ತದೆ ಎಂದು ತಟ್ಟೆ ಇಟ್ಟು ಅಮಾವಾಸ್ಯೆ ಹುಣ್ಣಿಮೆಗೆ ಸಾಲು ನಿಲ್ಲಿಸುತ್ತಿದ್ದರು, ಇಲ್ಲವೇ ಮಾಟಗಾತಿ ಎಂದು ಊರಾಚೆ ಅಟ್ಟುತ್ತಿದ್ದರು. ಕಾರಂತರು ಎರಡನ್ನೂ ಮಾಡಲಿಲ್ಲ. ಅವಳನ್ನು ಅಜ್ಜಿಯಾಗಿಯೇ ಉಳಿಸಿದರು. ಅವಳು ಅಂಗಡಿ ತೆರೆಯುವುದಿಲ್ಲ, ಅವಳಿಗೆ ಯಾರೂ ಚಿಕಿತ್ಸೆ ಕೊಡಿಸುವುದಿಲ್ಲ. ಮನೆಯವರು ಅವಳ ಜೊತೆ ಊಟ ಮಾಡುತ್ತಾರೆ, ಸುಬ್ಬರಾಯನ ಹೆಂಡತಿ ಸೀತೆ ಮನೆಗೆಲಸ ಮಾಡಿಕೊಂಡು ಅವಳನ್ನೂ ನೋಡಿಕೊಳ್ಳುತ್ತಾಳೆ. ಸೀತೆಯ ಬಗ್ಗೆ ಯಾರಾದರೂ ಒಂದು ಲೇಖನ ಬರೆಯಬೇಕು, ಅದು ಇನ್ನೊಮ್ಮೆ.

ನಾವು ಅಜ್ಜಿಯಿಂದ ಕಲಿತದ್ದು ಧೈರ್ಯ ಎಂದು ಹೇಳಿದರೆ ಸುಳ್ಳಾಗುತ್ತದೆ. ನಮಗೆ ಇವತ್ತಿಗೂ ಶವಾಗಾರದ ವಾಸನೆಗೆ ಹೊಟ್ಟೆ ತೊಳೆಸುತ್ತದೆ. ಕಲಿತದ್ದು ಕೆಲಸದ ಕ್ರಮ. ವಸ್ತುವನ್ನು ಕೈಯಲ್ಲಿ ಹಿಡಿ, ಎಲ್ಲಿಂದ ಬಂತು ಎಂದು ಕೇಳು, ಆಮೇಲೆ ಮಾತಾಡು. ಡಿಪ್ಲೊಮಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂದು ಕಲಿಸಿದ್ದರು. ಹಳ್ಳಿಯಲ್ಲಿ ಆ ಪ್ರಶ್ನೆಗಳನ್ನು ಜನರಿಗೆ ಕೇಳಿದರೆ ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ, ಮೊದಲೇ ಮಾತಾಡಿಕೊಂಡ ಉತ್ತರ. ರೈತ ಆತ್ಮಹತ್ಯೆಯಾದ ಮನೆಯಲ್ಲಿ ‘ಹೊಟ್ಟೆನೋವು’ ಎನ್ನುತ್ತಾರೆ. ಒಡವೆ ಗಿರವಿಯ ಚೀಟಿ ಬೇರೆಯದನ್ನೇ ಹೇಳುತ್ತದೆ. ಬಾಲ್ಯವಿವಾಹವಾದ ಮನೆಯಲ್ಲಿ ‘ಬರೀ ಶಾಸ್ತ್ರ ಇಟ್ಕೊಂಡಿದ್ವಿ’ ಎನ್ನುತ್ತಾರೆ; ಹುಡುಗಿಯ ಶಾಲೆಯ ವರ್ಗಾವಣೆ ಪತ್ರದ ತಾರೀಖು ಅಲ್ಲ ಎನ್ನುತ್ತದೆ.

ಒಂದು ಪ್ರಸಂಗ ಹೇಳುತ್ತೇವೆ. ಊರಿನ ಹೆಸರು ಬೇಡ, ಅವರ ಹೆಸರೂ ಬೇಡ. ಅಲ್ಲೊಬ್ಬ ವಿಧವೆ ಅಜ್ಜಿ, ಒಂಟಿ ಜೀವ. ಅವಳ ಹಿತ್ತಲಿಗೆ ಹೊಂದಿಕೊಂಡ ಮನೆಯವರ ಸೀಮೆಹಸು ಒಂದು ರಾತ್ರಿ ಸತ್ತಿತು. ದಿನಕ್ಕೆ ಹತ್ತು ಹನ್ನೆರಡು ಲೀಟರ್ ಡೇರಿಗೆ ಹಾಕುತ್ತಿದ್ದ ಹಸು, ಸಾಲದ ಹಸು. ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯ ಬಾಗಿಲಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು, ಗುಂಡುಸೂಜಿ ಚುಚ್ಚಿದ ಬಟ್ಟೆಯ ಗೊಂಬೆ. ಹಿಂದಿನ ಸಂಜೆ ಅಜ್ಜಿ ಆ ಹಸುವನ್ನು ನೋಡಿ ‘ಎಷ್ಟ್ ಚೆನ್ನಾಗದ’ ಎಂದಿದ್ದಳಂತೆ. ಅಷ್ಟು ಸಾಕಾಯಿತು. ನಾವು ಹೋಗುವಷ್ಟರಲ್ಲಿ ಅವಳಿಗೆ ಬೀದಿ ನಲ್ಲಿಯಲ್ಲಿ ನೀರು ಹಿಡಿಯಲು ಬಿಡುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ ವಾಮಾಚಾರ ತಡೆಯಲು 2017ರ ಕಾಯ್ದೆಯೊಂದಿದೆ, 2020ರಿಂದ ಜಾರಿಯಲ್ಲಿದೆ. ಅದನ್ನು ಅಲ್ಲಿ ಹೇಳಿದಾಗ ಒಬ್ಬ ಗಂಡಸು, ‘ಅದೇ ಮತ್ತೆ ಮೇಡಂ, ಮಾಟ ಮಾಡ್ದೋಳ್ ಮ್ಯಾಲೆ ಕೇಸ್ ಹಾಕ್ಸಿ’ ಎಂದ. ಕಾಯ್ದೆ ಯಾರ ಕೈಗೆ ಸಿಗುತ್ತದೋ ಅವರ ಕಡೆಗೆ ತಿರುಗುತ್ತದೆ.

ಗೊಂಬೆ ಇನ್ನೂ ಅಲ್ಲೇ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ನಾವು ಬಗ್ಗಿ ಎತ್ತಿಕೊಂಡಾಗ ಅಜ್ಜಿಯೇ ಕೂಗಿದಳು, ‘ಮುಟ್ಬ್ಯಾಡ ಕೂಸೇ, ನಿನ್ಗೂ ಅಂಟ್ಕತ್ತದ!’ ಮಾಟ ಮಾಡಿದಳು ಎಂದು ಯಾರನ್ನು ದೂರುತ್ತಿದ್ದರೋ ಅವಳೇ ನಮ್ಮನ್ನು ಕಾಪಾಡಲು ಓಡಿಬಂದಳು. ಅದನ್ನು ಯಾರಾದರೂ ಗಮನಿಸಿದರೋ ಇಲ್ಲವೋ.

ಗೊಂಬೆಯ ಬಟ್ಟೆ ಹೊಸ ರವಿಕೆ ಕಣದ್ದು. ಸೂಜಿಗಳು ಕಚೇರಿಯಲ್ಲಿ ಕಾಗದಕ್ಕೆ ಚುಚ್ಚುವಂಥವು. ಹೊಟ್ಟೆಯೊಳಗೆ ಹಳೇ ಪೇಪರು ತುರುಕಿತ್ತು, ಬಿಡಿಸಿ ನೋಡಿದರೆ ನಮ್ಮದೇ ಪತ್ರಿಕೆಯ ಜಿಲ್ಲಾ ಪುಟ, ಮೂರು ವಾರದ ಹಿಂದಿನದು. ಅಜ್ಜಿಗೆ ಓದು ಬರುವುದಿಲ್ಲ, ಆ ಊರಿನಲ್ಲಿ ಪತ್ರಿಕೆ ತರಿಸುವುದು ಎರಡು ಮನೆ ಮತ್ತೊಂದು ಟೀ ಅಂಗಡಿ. ಇಷ್ಟು ಸಾಕಲ್ಲ ಎಂದು ನಿಮಗೆ ಅನ್ನಿಸಬಹುದು. ಸಾಲದು. ಗೊಂಬೆ ಯಾರು ಮಾಡಿದರು ಎಂಬುದು ಒಂದು, ಹಸು ಹೇಗೆ ಸತ್ತಿತು ಎಂಬುದು ಇನ್ನೊಂದು. ಊರು ಎರಡನ್ನೂ ಸೇರಿಸಿ ಗಂಟು ಹಾಕಿಬಿಟ್ಟಿತ್ತು.

ಕೊಟ್ಟಿಗೆಯ ಮೂಲೆಯಲ್ಲಿ ಕಲಗಚ್ಚಿನ ಬಾನಿ ಇತ್ತು. ಕೈ ಹಾಕಿದೆವು. ತಳದಲ್ಲಿ ಮೊಣಕೈ ತನಕ ಅನ್ನ, ಹುಳಿ ಬಂದ ಬಿಳಿ ಅನ್ನ. ಎರಡು ದಿನದ ಹಿಂದೆ ಆ ಮನೆಯಲ್ಲಿ ಬೀಗರ ಊಟವಾಗಿತ್ತು, ಉಳಿದ ಅನ್ನವನ್ನು ಸುರಿದಿದ್ದರು. ಪಶುವೈದ್ಯರಿಗೆ ಫೋನ್ ಮಾಡಿದೆವು. ಅವರಿಗೆ ಇದು ಹೊಸದೇ ಅಲ್ಲ. ಮದುವೆ ಸೀಸನ್ನಿನಲ್ಲಿ ಇಂಥ ಕರೆ ಬರುತ್ತಲೇ ಇರುತ್ತವೆಯಂತೆ. ಹುಲ್ಲು ತಿನ್ನುವ ಪ್ರಾಣಿ ಒಂದೇ ಸಲ ಹೊಟ್ಟೆ ತುಂಬ ಅನ್ನ ತಿಂದರೆ ಒಳಗೆ ಹುಳಿಯೇರಿ ಆಮ್ಲ ಹೆಚ್ಚುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಬೇಗ ಚಿಕಿತ್ಸೆ ಸಿಗದಿದ್ದರೆ ಸಾಯುತ್ತದೆ. ಪ್ರೀತಿಯಿಂದ ಹಾಕಿದ ಅನ್ನ. ಆ ಮನೆಯ ಹೆಣ್ಣುಮಗಳಿಗೆ ಅದನ್ನು ಹೇಳುವುದು ಗೊಂಬೆ ಎತ್ತಿಕೊಂಡದ್ದಕ್ಕಿಂತ ಕಷ್ಟವಾಯಿತು. ಅವಳು ಬಾನಿಯನ್ನು ನೋಡಿದಳು, ನಮ್ಮ ಕೈಗೆ ಅಂಟಿದ್ದ ಅಗುಳನ್ನು ನೋಡಿದಳು, ಒಳಗೆ ಹೋಗಿ ನೀರು ತಂದು ಸುರಿದಳು. ಮಾತಾಡಲಿಲ್ಲ.

ಅಜ್ಜಿಯ ಹಿತ್ತಲು ಎಷ್ಟು ಗುಂಟೆ, ಅದರ ಮೇಲೆ ಯಾರ ಕಣ್ಣಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನೀವು ಹಳ್ಳಿಯವರಾದರೆ ಬರೆಯದೆಯೂ ತಿಳಿಯುತ್ತದೆ.

ಸುದ್ದಿ ಕಳಿಸಿದೆವು. ಡೆಸ್ಕಿನಿಂದ ಫೋನ್ ಬಂತು: ಗೊಂಬೆಯ ಫೋಟೊ ಇದೆಯಾ, ರಾತ್ರಿ ಹೊತ್ತು ತೆಗೆದದ್ದು ಸಿಗುತ್ತದಾ, ‘ಗ್ರಾಮದಲ್ಲಿ ಆತಂಕ’ ಎಂದು ತಲೆಬರಹ ಕೊಟ್ಟರೆ ಒಳ್ಳೆಯದಲ್ಲವಾ. ನಾವು ಕಳಿಸಿದ್ದು ಬಾನಿಯ ಫೋಟೊ. ಅರ್ಧ ಗಂಟೆ ವಾದ ಮಾಡಿದ ಮೇಲೆ ‘ಉಳಿದ ಅನ್ನ ತಿಂದು ಹಸು ಸಾವು’ ಎಂದು ನಾಲ್ಕನೇ ಪುಟದಲ್ಲಿ ಎಂಟು ಸಾಲು ಬಂತು, ಫೋಟೊ ಇಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ ಪಡೆಯುವ ನಮಗೆ ಆತಂಕದ ಸುದ್ದಿಗೆ ಸಿಗುವುದರ ಕಾಲುಭಾಗವೂ ಸಿಗಲಿಲ್ಲ. ಕತ್ತಲೆಗೆ ಒಳ್ಳೆಯ ಬೆಲೆಯಿದೆ, ಅಜ್ಜಿ ಮಾತ್ರ ಅದನ್ನು ಮಾರಲಿಲ್ಲ ಎಂಬುದು ಆವತ್ತು ನಮಗೆ ಸರಿಯಾಗಿ ಅರ್ಥವಾಯಿತು.

ನಮ್ಮ ಬ್ಯಾಚಿನ ಗೆಳತಿಯೊಬ್ಬಳ ಬಳಿ ಇದನ್ನೆಲ್ಲ ಹೇಳಿದಾಗ ಅವಳು ಒಪ್ಪಲಿಲ್ಲ. ‘ನಿಮ್ಮ ಮೂಕಜ್ಜಿಗೆ ಸೂರು ಇತ್ತು, ಊಟ ಇತ್ತು, ಕೂತು ಕೇಳೋಕೆ ಓದಿದ ಮೊಮ್ಮಗ ಇದ್ದ. ಕರಾವಳಿಯ ಬ್ರಾಹ್ಮಣರ ಮನೆ ಅಜ್ಜಿ ಕನಸು ಕಂಡರೆ ಅದು ದರ್ಶನ. ನಮ್ಮ ಕೇರಿಯ ಅಜ್ಜಿ ಕಂಡರೆ ಗಾಳಿ ಸೋಕಿದೆ ಅಂತಾರೆ’ ಎಂದಳು. ಈ ಮಾತಿಗೆ ನಮ್ಮಲ್ಲಿ ಪೂರ್ತಿ ಉತ್ತರ ಇಲ್ಲ. ಅವಳು ಹೇಳಿದ್ದು ನಿಜ. ಸುಬ್ಬರಾಯ ಇಲ್ಲದಿದ್ದರೆ ಮೂಕಜ್ಜಿ ಮೂಕಿಯಾಗಿಯೇ ಸಾಯುತ್ತಿದ್ದಳು. ನಾವು ಹೋದ ಊರಿನ ಅಜ್ಜಿಗೆ ಸುಬ್ಬರಾಯ ಇರಲಿಲ್ಲ. ಹಾಗೆ ನೋಡಿದರೆ ಆದರ್ಶವಾಗಿ ಇಟ್ಟುಕೊಳ್ಳಬೇಕಾದ್ದು ಕೇಳಿಸಿಕೊಳ್ಳುವ ಆ ಮೊಮ್ಮಗನನ್ನೋ ಏನೋ. ಆದರೆ ಮನಸ್ಸು ಅಜ್ಜಿಯ ಕಡೆಗೇ ಹೋಗುತ್ತದೆ, ಏನು ಮಾಡುವುದು.

ಗೆಳತಿಯ ಮಾತಿಗೆ ಅರ್ಧ ಉತ್ತರ ನಮ್ಮ ಮಲೆಯಲ್ಲೇ ಇದೆ. ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರು, ಕಂಸಾಳೆಯವರು ಸಂಕಮ್ಮನ ಸಾಲು ಹಾಡುವುದನ್ನು ನಮ್ಮ ಕಡೆ ಕೇಳದವರು ಕಡಿಮೆ. ಸೋಲಿಗರ ಹೆಣ್ಣು. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಬಲಗೈ ಭಾಷೆ ಕೊಡು ಎನ್ನುತ್ತಾನೆ, ತಾನಿಲ್ಲದಾಗ ಶೀಲ ಕಾಯ್ದುಕೊಳ್ಳುವೆನೆಂದು. ಅವಳು ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸಿತ್ತೆಂದಲ್ಲ, ಕೇಳಿದ್ದೇ ಅವಮಾನ ಎಂದು. ಅವನು ಹಿಂಸಿಸಿ, ಗುಡಿಸಿಲಲ್ಲಿ ಕಟ್ಟಿಹಾಕಿ, ಮುಚ್ಚಿ ಹೋಗುತ್ತಾನೆ. ಬ್ರಾಂಟಿಯ ಅಟ್ಟದಂಥದ್ದೇ ಕತ್ತಲೆ ಕೋಣೆ. ಆದರೆ ಇವಳು ಬೆಂಕಿ ಹಚ್ಚುವುದಿಲ್ಲ, ಹುಚ್ಚಿಯಾಗುವುದಿಲ್ಲ, ಭಾಷೆಯನ್ನೂ ಕೊಡುವುದಿಲ್ಲ. ಮಾದಪ್ಪನೇ ಅವಳಿದ್ದಲ್ಲಿಗೆ ಬರಬೇಕಾಗುತ್ತದೆ. ಕಾರಯ್ಯ, ಬಿಲ್ಲಯ್ಯ ಎಂಬ ಎರಡು ಮಕ್ಕಳ ತಾಯಾಗುತ್ತಾಳೆ. ರಾತ್ರಿಯಿಡೀ ಹಾಡುವ ಕಥೆಯಲ್ಲಿ ಈ ಸಾಲು ಬಂದಾಗ ನಿದ್ದೆ ತೂಗುತ್ತಿದ್ದ ಹೆಂಗಸರೆಲ್ಲ ಎದ್ದು ಕೂರುವುದನ್ನು ನಾವು ಚಿಕ್ಕಂದಿನಲ್ಲೇ ನೋಡಿದ್ದೇವೆ. ಆಗ ಯಾಕೆಂದು ತಿಳಿದಿರಲಿಲ್ಲ.

ಮನೆಯ ವಿಷಯ ಹೆಚ್ಚು ಹೇಳುವುದಿಲ್ಲ. ಮೂವತ್ತು ದಾಟಿದೆ, ಮದುವೆಯಾಗಿಲ್ಲ, ರಾತ್ರಿ ಓಡಾಡುವ ಕೆಲಸ. ನೋಡಲು ಬಂದ ಗಂಡಿನ ಕಡೆಯವರು ‘ಹೆಣ ನೋಡೋಕೆ ಹೋಗ್ತಾಳಂತೆ’ ಎಂದು ಎದ್ದು ಹೋದದ್ದಿದೆ. ಮೊದಮೊದಲು ಅವ್ವ ಅಳುತ್ತಿದ್ದಳು. ಈಚೆಗೆ, ‘ಅವ್ಳು ನೋಡ್ದೆ ಇದ್ರೆ ಇನ್ನಾರು ನೋಡಾರು’ ಎನ್ನುತ್ತಾಳೆ. ಅವ್ವ ಕಾದಂಬರಿ ಓದಿದವಳಲ್ಲ. ಅಕ್ಕನ ಮಗಳು ಮಾತ್ರ ನಮ್ಮನ್ನು ಮೋರ್ಟಿಶಿಯಾ ಚಿಕ್ಕಿ ಎಂದೇ ಕರೆಯುತ್ತಾಳೆ, ಮುಳ್ಳಿನ ಕಡ್ಡಿಯೊಂದನ್ನು ಲೋಟದಲ್ಲಿಟ್ಟು ನಮ್ಮ ಮೇಜಿನ ಮೇಲೆ ಇಟ್ಟಿದ್ದಾಳೆ. ಈಗ ಅವಳೂ ಮೂಕಜ್ಜಿಯನ್ನು ಓದುತ್ತಿದ್ದಾಳೆ. ಅರ್ಧಕ್ಕೆ ಬಂದು, ‘ದೆವ್ವ ಯಾವಾಗ ಬರ್ತದೆ ಚಿಕ್ಕಿ?’ ಎಂದು ಕೇಳಿದಳು. ಬರುವುದಿಲ್ಲ ಎಂದೆವು. ಮುಖ ಸಪ್ಪಗಾಯಿತು, ಆದರೂ ಪುಸ್ತಕ ಕೆಳಗಿಡಲಿಲ್ಲ.

ಆ ಊರಿಗೆ ಹೋದ ತಿಂಗಳು ಬೇರೆ ಕೆಲಸಕ್ಕೆ ಹೋಗಿದ್ದೆವು. ಅಜ್ಜಿ ನಲ್ಲಿಯ ಹತ್ತಿರ ಇದ್ದಳು, ಬಿಂದಿಗೆ ಸಾಲಿನಲ್ಲಿತ್ತು. ಎಲ್ಲರೂ ಮಾತಾಡಿಸುತ್ತಾರೆ ಎಂದೇನಲ್ಲ, ನೀರಿಗೆ ಬಿಡುತ್ತಾರೆ. ನಮ್ಮನ್ನು ಕಂಡು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ತಲೆದಿಂಬಿನ ಅಡಿಯಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ನಮ್ಮ ಅಂಗೈ ಮೇಲಿಟ್ಟಳು. ಬ್ಯಾಂಕಿನ ಪಾಸ್‌ಬುಕ್ಕು, ಆಧಾರ್ ಕಾರ್ಡು, ಮಡಿಕೆ ಹರಿದ ವಿಧವಾ ವೇತನದ ಆದೇಶ.

‘ಇದ ಒಸಿ ಮುಟ್ಟಿ ಹೇಳು ಕೂಸೇ, ಯಾಕ್ ನಿಂತೋಗದ ಅಂತ.’

ಮುಟ್ಟಿದೆವು, ತಿರುವಿ ನೋಡಿದೆವು. ಪಾಸ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಗಂಡನ ಹೆಸರಿತ್ತು, ಆಧಾರ್‌ನಲ್ಲಿ ಅಪ್ಪನ ಹೆಸರು. ಐದು ತಿಂಗಳ ದುಡ್ಡು ಬಂದಿರಲಿಲ್ಲ. ಅಲ್ಲೇ ಕೂತು ಅರ್ಜಿ ಬರೆದು ಹೆಬ್ಬೆಟ್ಟು ಹಾಕಿಸಿದೆವು. ಸೋಮವಾರ ನಾಡಕಚೇರಿಗೆ ಅವಳನ್ನು ಸ್ಕೂಟಿಯಲ್ಲಿ ಕರೆದುಕೊಂಡು ಹೋಗಬೇಕು. ಹಿಂದೆ ಕೂರಲು ಹೆದರಿಕೆಯಂತೆ ಅವಳಿಗೆ.